ಹಾಡಿನ ಜೊತೆ ಹೆಸರೂ ಹೋಗಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಾಡುಗಾರರೇ, ವಾದ್ಯದವರೇ, ಹೊಸ ಹಾಡು ಬಂತೆಂದರೆ ನಾಲ್ಕು ಜನಕ್ಕೆ ಕೇಳಿಸದೆ ಇರಲಾರದ ಗೆಳೆಯರೇ,

2021ರಲ್ಲಿ ‘ಸಲಗ’ ಚಿತ್ರ ಬಂದಾಗ ಚರಣ್ ರಾಜ್ ಸಂಗೀತದ ಒಂದು ಹಾಡು ನಾಡಿನ ತುಂಬ ಹಬ್ಬಿತು. ಅದರಲ್ಲಿ ಹಾಡಿದ ಗಿರಿಜಾ ಸಿದ್ದಿ, ಗೀತಾ ಸಿದ್ದಿ ನಮ್ಮ ಯಲ್ಲಾಪುರದ ಕಡೆಯವರು. ಆ ಹಾಡಿಗೆ ಕುಣಿದವರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ಆ ದನಿ ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ್ದೂ ಅಲ್ಲ. 1980ರ ದಶಕದಲ್ಲೇ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅವರು ಮಂಚೀಕೇರಿಯ ಸಿದ್ದಿ ಸಮುದಾಯದವರನ್ನು ಕಟ್ಟಿಕೊಂಡು ನೈಜೀರಿಯಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ರಂಗಕ್ಕೆ ತಂದಿದ್ದರು. ಅದಕ್ಕೂ ಎಷ್ಟೋ ಹಿಂದಿನಿಂದ ಕಾಡಂಚಿನ ಸಿದ್ದಿ ಕೇರಿಗಳಲ್ಲಿ ಡಮಾಮಿ ಎಂಬ ಚರ್ಮವಾದ್ಯ ಇತ್ತು. ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗಿ ನಾದ ಇಳಿದರೆ ಬೆಂಕಿಗೆ ಹಿಡಿದು ಕಾಯಿಸಬೇಕು; ಬೆರಳಲ್ಲಿ ತಟ್ಟಿ ನೋಡಬೇಕು; ಮತ್ತೆ ಕಾಯಿಸಬೇಕು. ಆಮೇಲೆ ಹೆಂಗಸರು ಪದ ಎತ್ತುತ್ತಾರೆ. ಕೊಂಕಣಿಯ ನಡುವೆ ಕನ್ನಡ, ಮರಾಠಿ ಸಲೀಸಾಗಿ ಬೆರೆತಿರುತ್ತವೆ.

ಹೆಸರು ನೆನಪಿಟ್ಟುಕೊಳ್ಳುವುದು ನಮಗೆ ಬಾರದ ವಿದ್ಯೆಯೇನಲ್ಲ. ಯಕ್ಷಗಾನದ ಬಯಲು ಇನ್ನೂ ಅರ್ಧ ಮೈಲಿ ದೂರ ಇರುವಾಗಲೇ ಪದ್ಯದ ಎತ್ತುಗಡೆ ಕೇಳಿ ‘ಇದು ನೆಬ್ಬೂರು ಭಾಗವತರು’ ಎನ್ನುತ್ತಿದ್ದ ಜನ ನಾವು. ಅದೇ ನಾವು, ನಮ್ಮ ಮನೆಯ ಮದುವೆಯಲ್ಲಿ ಹಸೆಗೆ ಕರೆಯುವ ಹಾಡು ಹೇಳಿದ ಅತ್ತೆಯ ಹೆಸರನ್ನು ವಿಡಿಯೊದ ಕೆಳಗೆ ಬರೆಯುವುದಿಲ್ಲ. ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಬರುವ ಬಿಂಗಿ ಪದದವರ ಗತಿಯೂ ಅದೇ. ‘ಜಾನಪದ’ ಎಂದೊಂದು ಪದ ಹಾಕಿ ಮುಗಿಸುತ್ತೇವೆ. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿದಾಗ ಶರೀಫರ ಹೆಸರೂ ಜೊತೆಗೇ ಹೋಯಿತು. ಆ ಹಾಡುಗಳಿಂದಲೇ ಶಿಶುನಾಳ ಎಲ್ಲಿದೆ ಎಂದು ಹುಡುಕಿದ ಹುಡುಗರಿದ್ದಾರೆ. ಹೆಸರು ಕಳಚಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಕಾನೂನೂ ಹಾಡುವವರ ಪರವಾಗಿದೆ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆ, ಹಾಡಿದವರಿಗೆ ತಮ್ಮ ಹೆಸರು ಕಾಣಿಸಬೇಕೆಂದು ಕೇಳುವ ಹಕ್ಕು ಕೊಟ್ಟಿದೆ. ಪದ ಯಾರು ಕಟ್ಟಿದ್ದೆಂದು ತಿಳಿಯದಿರಬಹುದು, ಹಾಡಿದವರು ಕಣ್ಣೆದುರೇ ಇದ್ದಾರಲ್ಲ.

ಲ್ಯಾಪ್‌ಟಾಪಿನಲ್ಲಿ ಸಂಗೀತ ಕೂಡಿಸುವ ನಮ್ಮ ಹುಡುಗ ಹುಡುಗಿಯರ ಮೇಲೆ ನನಗೆ ದೊಡ್ಡ ಭರವಸೆ ಇದೆ. ಹಳೆಯ ಪದಕ್ಕೆ ಹೊಸ ವಾದ್ಯ ಸೇರಿಸಬಾರದೆಂದು ನಾನೆಂದೂ ಹೇಳುವವನಲ್ಲ. ಧಾರಾಳವಾಗಿ ಸೇರಿಸಿ. ಆದರೆ ಹಾಡಿದವರನ್ನು ಕೇಳಿ ಸೇರಿಸಿ. ದುಡ್ಡು ಬಂದರೆ ಅವರ ಪಾಲು ಅವರಿಗೆ ಮುಟ್ಟಲಿ. ಮೊಬೈಲಿನಲ್ಲಿ ಧ್ವನಿ ಹಿಡಿಯುವಾಗ ಮೊದಲು ಅವರ ಬಾಯಿಂದಲೇ ಹೆಸರು, ಊರು, ಪದ ಯಾರಿಂದ ಕಲಿತದ್ದು ಎಂಬುದನ್ನು ಹೇಳಿಸಿ. ಕೆಳಗೆ ಬರೆದದ್ದು ಮೂರನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವಷ್ಟರಲ್ಲಿ ಬಿದ್ದುಹೋಗುತ್ತದೆ. ದನಿಯಲ್ಲಿ ಸೇರಿದ್ದು ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಮಧ್ಯಾಹ್ನದ ಊಟದ ನಂತರ ಇದೇ ವೇದಿಕೆಯಲ್ಲಿ ಡಮಾಮಿಯಿದೆ, ಹಸೆ ಹಾಡಿದೆ. ಮೊಬೈಲು ಎತ್ತುವ ಮೊದಲು ಹಾಡುವವರ ಹತ್ತಿರ ಹೋಗಿ ಮಾತನಾಡಿಸಿ ಬನ್ನಿ.