ಕಣ್ಣು ಎತ್ತ ಹೊರಳಬೇಕು: ತೀರ್ಮಾನ ಯಾರದು?

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



"ಓದಲು ಕೂತರೆ ಕಣ್ಣು ಪುಸ್ತಕದಲ್ಲಿ ನಿಲ್ಲುವುದೇ ಇಲ್ಲ." ಇದು ಹೆತ್ತವರು ಮಕ್ಕಳ ಬಗ್ಗೆ ಹೇಳುವ ದೂರು. ಮಕ್ಕಳೂ ತಮ್ಮ ಬಗ್ಗೆ ಹೀಗೆಯೇ ಹೇಳಿಕೊಳ್ಳುತ್ತಾರೆ. ಹಲವರು ಇದನ್ನು ಹುಟ್ಟುಗುಣ ಎಂದು ಭಾವಿಸಿ ಕೈಚೆಲ್ಲುತ್ತಾರೆ. ಅದು ಸರಿಯೇ ಎಂಬುದನ್ನು ಇಂದು ನೋಡೋಣ.

ಮೊದಲಿಗೆ ನಿಮ್ಮ ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಕ್ಷಣದಲ್ಲಿ ನಮಗೆ ನಿಚ್ಚಳವಾಗಿ ಕಾಣುವುದು ಸುಮಾರು ಆ ಉಗುರಿನ ಅಗಲದಷ್ಟು ಜಾಗ ಮಾತ್ರ. ಉಳಿದುದೆಲ್ಲ ಮಸುಕು. ಕಣ್ಣಿನ ಒಳಪರದೆಯ ನಡುವೆ ಇರುವ ಫೋವಿಯಾ ಎಂಬ ಪುಟ್ಟ ಗುಳಿಗೆ ಮಾತ್ರ ಸೂಕ್ಷ್ಮವಾಗಿ ಕಾಣುವ ಶಕ್ತಿ ಇದೆ. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಜಿಗಿಯುತ್ತಲೇ ಇರಬೇಕಾಗುತ್ತದೆ. ಈ ಜಿಗಿತಕ್ಕೆ ಸಕಾಡ್ ಎಂದು ಹೆಸರು. ಜಿಗಿಯುವ ಹೊತ್ತಿನ ಮಸುಕನ್ನು ಮೆದುಳು ನಮ್ಮಿಂದ ಮುಚ್ಚಿಡುತ್ತದೆ. ಕನ್ನಡಿಯಲ್ಲಿ ನಿಮ್ಮ ಒಂದು ಕಣ್ಣಿನಿಂದ ಇನ್ನೊಂದಕ್ಕೆ ನೋಟ ಬದಲಿಸಿ ನೋಡಿ. ಕಣ್ಣು ಚಲಿಸಿದ್ದು ನಿಮಗೆ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ!

ಈ ವಿಷಯದ ಬಗ್ಗೆ ಮೊದಲು ಆಳವಾಗಿ ಯೋಚಿಸಿದವರಲ್ಲಿ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಪ್ರಮುಖರು. 11ನೇ ಶತಮಾನದಲ್ಲಿ ಕೈರೋದಲ್ಲಿ ಅವರು ಬರೆದ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಎರಡು ಬಗೆಯ ನೋಟಗಳನ್ನು ಬೇರ್ಪಡಿಸಿದ್ದಾರೆ. ಒಂದು ಮೇಲ್ನೋಟ, ಇನ್ನೊಂದು ಪರಿಶೀಲಿಸುವ ನೋಟ. ನೇರ ನಡುವಿನಲ್ಲಿ ಬಿದ್ದುದೇ ಸ್ಪಷ್ಟವಾಗಿ ಕಾಣುವುದರಿಂದ ವಸ್ತುವಿನ ಒಂದೊಂದು ಭಾಗದ ಮೇಲೂ ಕಣ್ಣು ಹಾಯಿಸಿದರೆ ಮಾತ್ರ ಅದರ ನಿಜರೂಪ ಖಚಿತವಾಗುತ್ತದೆ ಎಂದು ಅವರು ವಿವರಿಸಿದರು.

ಹಾಗಾದರೆ ಕಣ್ಣು ಮುಂದೆ ಎಲ್ಲಿಗೆ ಜಿಗಿಯಬೇಕೆಂದು ತೀರ್ಮಾನಿಸುವವರು ಯಾರು? ಮೆದುಳಿನಲ್ಲಿ ಇದಕ್ಕೆ ಒಬ್ಬನೇ ಯಜಮಾನನಿಲ್ಲ. ನಡುಮೆದುಳಿನಲ್ಲಿ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಭಾಗವಿದೆ. ಅದರಲ್ಲಿ ನಮ್ಮ ಎದುರಿನ ದೃಶ್ಯದ ಒಂದು ನಕಾಶೆಯೇ ಇದೆ. ಹಠಾತ್ತನೆ ಏನಾದರೂ ಮಿಂಚಿದರೆ, ಅಲುಗಾಡಿದರೆ ಆ ಜಾಗದ ನರಕೋಶಗಳು ಚುರುಕಾಗಿ ಕಣ್ಣನ್ನು ಅತ್ತ ಎಳೆಯುತ್ತವೆ. ಇನ್ನೊಂದೆಡೆ ಹಣೆಯ ಹಿಂದಿರುವ ಮುಂಭಾಗದ ಮೆದುಳು "ನನಗೆ ಬೇಕಾದದ್ದು ಇಲ್ಲಿದೆ" ಎಂದು ತನ್ನ ಉದ್ದೇಶವನ್ನು ಮುಂದಿಡುತ್ತದೆ. ಇವೆರಡರ ಪೈಪೋಟಿಯಲ್ಲಿ ಗೆದ್ದ ಕಡೆಗೆ ಕಣ್ಣು ಹೋಗುತ್ತದೆ. ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಈ ವ್ಯವಸ್ಥೆಗೆ ಬ್ರೇಕ್ ಹಾಕಿಟ್ಟಿರುತ್ತದೆ. ಬ್ರೇಕ್ ಸಡಿಲಿಸಿದಾಗಲೇ ಜಿಗಿತ.

1978ರಲ್ಲಿ ಪೀಟರ್ ಹ್ಯಾಲೆಟ್ ಎಂಬ ಸಂಶೋಧಕರು ಈ ಪೈಪೋಟಿಯನ್ನು ಅಳೆಯುವ ಸರಳ ಪರೀಕ್ಷೆಯೊಂದನ್ನು ಮಾಡಿದರು. ಬದಿಯಲ್ಲಿ ಬೆಳಕು ಮಿಂಚುತ್ತದೆ. ನೀವು ಅದನ್ನು ನೋಡದೆ ಅದರ ವಿರುದ್ಧ ದಿಕ್ಕಿಗೆ ನೋಡಬೇಕು. ಇದು ಸುಲಭವಲ್ಲ. ದೊಡ್ಡವರೂ ಕೆಲವೊಮ್ಮೆ ಸೋಲುತ್ತಾರೆ, ಚಿಕ್ಕ ಮಕ್ಕಳು ಹೆಚ್ಚಾಗಿ ಸೋಲುತ್ತಾರೆ. ಹದಿಹರೆಯದಲ್ಲಿ ಈ ಹಿಡಿತ ಕ್ರಮೇಣ ಬಲಗೊಳ್ಳುತ್ತದೆ. ಹೆತ್ತವರೇ, ಮಗುವಿನ ಕಣ್ಣು ಓಡಿದರೆ ಅದು ಉದ್ಧಟತನವಲ್ಲ. ಬ್ರೇಕ್ ಇನ್ನೂ ಬೆಳೆಯುತ್ತಿದೆ, ಅಷ್ಟೇ.

ಉದ್ದೇಶಕ್ಕೆ ಎಷ್ಟು ಬಲವಿದೆ ಎಂಬುದನ್ನು ಸೋವಿಯತ್ ವಿಜ್ಞಾನಿ ಯಾರ್ಬಸ್ ತೋರಿಸಿಕೊಟ್ಟರು. 1967ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕದಲ್ಲಿ ಇದರ ವಿವರವಿದೆ. ಒಬ್ಬ ವ್ಯಕ್ತಿಗೆ ರೆಪಿನ್ ಎಂಬ ಕಲಾವಿದರ ಒಂದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದರು. "ಇವರ ವಯಸ್ಸೆಷ್ಟು?" ಎಂದಾಗ ಕಣ್ಣು ಮುಖಗಳ ಮೇಲೆ ಓಡಾಡಿತು. "ಬಟ್ಟೆಗಳನ್ನು ನೆನಪಿಡಿ" ಎಂದಾಗ ಉಡುಪುಗಳತ್ತ ಹೋಯಿತು. ಚಿತ್ರ ಅದೇ, ಕಣ್ಣೂ ಅದೇ. ಪ್ರಶ್ನೆ ಬದಲಾದಾಗ ದಾರಿ ಬದಲಾಯಿತು.

ನಮ್ಮ ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಮಗು ಶಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡ ಓದುತ್ತದೆ. ಇದರಿಂದ ಗೊಂದಲವಾಗದೇ ಎಂದು ಕೇಳುವವರಿದ್ದಾರೆ. ಓದುವಾಗ ಮೆದುಳು ಮುಂದೆ ಬರುವ ಅಕ್ಷರಗಳ ಕಡೆಗೆ ಗಮನವನ್ನು ಹೆಚ್ಚು ಚಾಚಿರುತ್ತದೆ. ಇಂಗ್ಲಿಷ್ ಓದುವಾಗ ಅದು ಬಲಕ್ಕೆ. ಹೀಬ್ರೂ, ಇಂಗ್ಲಿಷ್ ಎರಡನ್ನೂ ಬಲ್ಲವರಲ್ಲಿ ಭಾಷೆ ಬದಲಾದೊಡನೆ ಗಮನದ ದಿಕ್ಕೂ ಬದಲಾಗುವುದು 1981ರಲ್ಲಿ ಕಂಡುಬಂತು. 2014ರಲ್ಲಿ ಅರಬಿ ಮತ್ತು ಉರ್ದು ಓದುಗರ ಮೇಲೆ ನಡೆದ ಅಧ್ಯಯನಗಳಲ್ಲೂ ಹೀಗೆಯೇ ಕಂಡಿತು. ಅಭ್ಯಾಸವಾದ ಮೆದುಳು ಎರಡು ದಿಕ್ಕುಗಳನ್ನೂ ನಿಭಾಯಿಸುತ್ತದೆ.

ವಿಜ್ಞಾನದಿಂದ ಧರ್ಮವನ್ನು ಸಾಬೀತುಪಡಿಸುವ ಕೆಲಸಕ್ಕೆ ನಾನು ಹೋಗುವುದಿಲ್ಲ. ಆದರೆ ಅಚಾನಕ್ಕಾಗಿ ಬಿದ್ದ ಮೊದಲ ನೋಟಕ್ಕೆ ದೋಷವಿಲ್ಲ, ಅದನ್ನು ಹಿಂಬಾಲಿಸುವ ಎರಡನೆಯ ನೋಟಕ್ಕೆ ನಾವೇ ಹೊಣೆ ಎಂಬ ಪ್ರವಾದಿ(ಸ)ಯವರ ಬೋಧನೆ ನಿಮಗೆಲ್ಲ ಗೊತ್ತು. ಅದರ ಸಂದರ್ಭ ಬೇರೆಯಾದರೂ ವಿದ್ಯಾರ್ಥಿಗೆ ಅದರಲ್ಲಿ ಪಾಠವಿದೆ. ಮಿಂಚಿದ್ದರ ಕಡೆಗೆ ಕಣ್ಣು ಹೋದದ್ದು ನಿಮ್ಮ ತಪ್ಪಲ್ಲ. ಅಲ್ಲಿಯೇ ಉಳಿಯಬೇಕೇ, ಮರಳಬೇಕೇ ಎಂಬುದು ನಿಮ್ಮ ಕೈಯಲ್ಲಿದೆ.

ಆದ್ದರಿಂದ ಎರಡು ಮಾತು ನೆನಪಿಡಿ. ಓದುವಾಗ ಮೊಬೈಲನ್ನು ಕಣ್ಣಿಗೆ ಬೀಳದ ಜಾಗದಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಇಡಿ. ಅದರ ಮಿಂಚಿನ ಎದುರು ಪ್ರತಿ ಸಲ ಗೆಲ್ಲುವ ಹಟ ಬೇಡ. ಎರಡನೆಯದು, ಪಾಠ ತೆರೆಯುವ ಮೊದಲು ಅದರಿಂದ ತಿಳಿಯಬೇಕಾದ ಒಂದು ಪ್ರಶ್ನೆಯನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಪ್ರಶ್ನೆಯಿಲ್ಲದ ಕಣ್ಣು ಹೊಳೆಯುವುದರ ಹಿಂದೆ ಹೋಗುತ್ತದೆ. ಪ್ರಶ್ನೆಯಿರುವ ಕಣ್ಣು ಉತ್ತರವನ್ನು ಹುಡುಕುತ್ತದೆ.

ಅಲ್ಲಾಹನು ನಮಗೆಲ್ಲರಿಗೂ ಪ್ರಯೋಜನಕರವಾದ ಜ್ಞಾನವನ್ನು ಅನುಗ್ರಹಿಸಲಿ.