ಹಬ್ಬದ ಭಟ್ಟಿ ಕಾಯುವ ಕೈಗಳು

(ಕ್ರಿಸ್ಮಸ್ಸಿನ ಹಿಂದಿನ ವಾರ ಹೈದರಾಬಾದಿನ ನಮ್ಮ ಸಂಘದಲ್ಲಿ ನಡೆದ ಮಕ್ಕಳ ಕೈಕೆಲಸದ ಕೊನೆಯ ದಿನ ಆಡಿದ ಮಾತು)



ಒಂದು ವಾರದಿಂದ ಈ ಕೋಣೆಯಲ್ಲಿ ಅಂಟಿನ ವಾಸನೆಯೂ ಏಲಕ್ಕಿಯ ವಾಸನೆಯೂ ಕೂಡಿಕೊಂಡಿವೆ. ಸಂಘದ ಲೆಕ್ಕದ ಪುಸ್ತಕದ ಮೇಲೂ ಒಂದು ಹನಿ ಕೆಂಪು ಬಣ್ಣ ಬಿದ್ದಿದೆ. ಕಾರ್ಯದರ್ಶಿಗಳು ಕ್ಷಮಿಸಿದ್ದಾರೆಂದು ನಂಬಿದ್ದೇವೆ. ಈ ಕೆಲಸ ತೊಡಗಿದ ದಿನ ಕೆಲವು ಸದಸ್ಯರು ನಮ್ಮನ್ನು ಕೇಳಿದರು: "ರಾಜ್ಯೋತ್ಸವ ಮಾಡಿದ್ದಾಯಿತು, ಸಾಲದೇ? ಕನ್ನಡ ಸಂಘಕ್ಕೂ ಕ್ರಿಸ್ಮಸ್ಸಿಗೂ ಏನು ಸಂಬಂಧ?" ಕೇಳಿದ್ದು ತಪ್ಪಲ್ಲ. ಉತ್ತರ ಹೇಳುವುದು ನಮ್ಮ ಹೊಣೆ.

ಮೊದಲನೆಯದಾಗಿ, ನಾವು ಯಾರು? 1956ರ ನವೆಂಬರ್ 1ರ ತನಕ ಬೀದರ, ಕಲಬುರಗಿ, ರಾಯಚೂರುಗಳಿಗೆ ಈ ಹೈದರಾಬಾದೇ ರಾಜಧಾನಿ. ಹೊಟ್ಟೆಪಾಡಿಗೆ ಬಂದ ಆ ಸೀಮೆಯವರ ಜೊತೆಗೆ ಉಡುಪಿ, ಮಂಗಳೂರಿನ ಕಡೆಯ ಹೋಟೆಲು ಕೆಲಸಗಾರರೂ ಸೇರಿದರು. ಬೀದರ ಸೀಮೆಯ ಮೆಥೋಡಿಸ್ಟ್ ಮನೆಗಳಲ್ಲಿಯೂ ಮಂಗಳೂರಿನ ಕಥೋಲಿಕ ಮನೆಗಳಲ್ಲಿಯೂ ಕ್ರಿಸ್ಮಸ್ಸು ಪರರ ಹಬ್ಬವಲ್ಲ. ಅವರು ನಮ್ಮವರು, ಅವರ ಹಬ್ಬವೂ ನಮ್ಮದೇ.

ಎರಡನೆಯದಾಗಿ, ಈ ವಾರ ಮಾಡಿದ ಕೆಲಸವನ್ನೇ ನೋಡಿ. ನಕ್ಷತ್ರದ ದೀಪಕ್ಕೆ ಬಿದಿರ ಕಡ್ಡಿ ಸೀಳುವುದನ್ನು ಹೇಳಿಕೊಟ್ಟವರು, ದೀಪಾವಳಿಗೆ ಗೂಡುದೀಪ ಕಟ್ಟಿ ಅಭ್ಯಾಸವಿದ್ದ ಕರಾವಳಿಯ ಅಣ್ಣಂದಿರು. ಕಡ್ಡಿ ಅದೇ, ಕಾಗದ ಅದೇ. ಆಕಾರ ಮಾತ್ರ ಬೇರೆ. ಬೊಂಬೆಗಳಿಗೆ ದರ್ಜಿಯ ಅಂಗಡಿಯ ಚಿಂದಿ ಬಂತು. ಅಂಟಿಗೆ ಹುಣಿಸೆ ಬೀಜದ ಪುಡಿ ಬೇಯಿಸಿದೆವು. ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರು ಅದನ್ನು ಮುಟ್ಟಿ ನೋಡಿ, "ನೂಲಿಗೆ ಗಂಜಿ ಹಾಕುವಾಗ ಇದೇ ಪುಡಿಯಲ್ಲವೇ!" ಎಂದರು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಮರದ ಹೊಟ್ಟು, ಗೋಣಿನಾರು, ಹುಣಿಸೆ ಬೀಜದ ಅಂಟು ಸೇರಿಸಿದ ಕಿಟ್ಟ ಬಳಿದು ಬೊಂಬೆ ಮಾಡುತ್ತಾರೆ. ದೇವರನ್ನು ಮಾಡುವ ಅಂಟೂ ನೂಲು ಗಟ್ಟಿಮಾಡುವ ಅಂಟೂ ಒಂದೇ. ಇದು ಮಕ್ಕಳಿಗೆ ತಿಳಿಯಬೇಕಾದ ಸಂಗತಿ.

ತಿಂಡಿಯ ವಿಷಯ. ಮಂಗಳೂರಿನವರು ಕ್ರಿಸ್ಮಸ್ಸಿನ ತಿಂಡಿಗಳಿಗೆಲ್ಲ ಸೇರಿಸಿ ಕುಸ್ವಾರ್ ಎನ್ನುತ್ತಾರೆ. ಅದರಲ್ಲಿ ನೆವ್ರಿ ಎಂಬುದು ನಮ್ಮ ಕರ್ಚಿಕಾಯಿಯೇ. ಗುಲಾಬಿ ಹೂವಿನಂಥ ತಿಂಡಿಗೆ ಕಬ್ಬಿಣದ ಅಚ್ಚು ಮೊದಲು ಎಣ್ಣೆಯಲ್ಲಿ ಕಾಯಬೇಕು. ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚು ಬಿಡುವುದಿಲ್ಲ. ಇಪ್ಪತ್ತು ವರ್ಷ ಬೋಂಡ ಕರಿದ ನಮ್ಮ ಅಡಿಗೆಯವರೇ ಮೊದಲ ದಿನ ಇದರಲ್ಲಿ ಸೋತರು, ಅಜ್ಜಿಯೊಬ್ಬರು ಗೆದ್ದರು.

ಕೇಕಿನದು ಈ ಊರಿನ ಹಳೆಯ ಪದ್ಧತಿ. ಹೈದರಾಬಾದು, ಸಿಕಂದರಾಬಾದಿನ ಅನೇಕ ಕ್ರೈಸ್ತ ಕುಟುಂಬಗಳು ಒಣದ್ರಾಕ್ಷಿ, ಗೋಡಂಬಿ, ಬೆಣ್ಣೆ, ಮೊಟ್ಟೆ, ಮೈದಾ ಎಲ್ಲವನ್ನೂ ಮನೆಯಿಂದಲೇ ಕೊಂಡುಹೋಗಿ ಬೇಕರಿಯಲ್ಲಿ ಕೇಕು ಬೇಯಿಸಿಕೊಳ್ಳುತ್ತವೆ. ನಾವೂ ಹಾಗೆಯೇ ಮಾಡಿದೆವು. ಸೌದೆಯ ಭಟ್ಟಿಯಲ್ಲಿ ಬ್ರೆಡ್ಡು ಬೆಂದು, ಕಾವು ಇಳಿದ ಮೇಲೆಯೇ ಕೇಕು ಒಳಗೆ ಹೋಗಬೇಕು. ಅವಸರಪಟ್ಟರೆ ಮೇಲೆ ಕಪ್ಪು, ಒಳಗೆ ಹಸಿ. ಆ ಕಾವನ್ನು ಅಂಗೈ ಚಾಚಿ ಅಳೆಯುವ ಕೆಲಸಗಾರ ಮುಸಲ್ಮಾನನಿರಬಹುದು, ಹಿಂದುವಿರಬಹುದು. ಕೇಕಿಗೆ ಅದು ಗೊತ್ತಾಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಮಕ್ಕಳು ಗೋದಲಿ ಜೋಡಿಸಿದ್ದನ್ನು ನೀವೆಲ್ಲ ನೋಡಿದಿರಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಜೀವಂತ ಎತ್ತು, ಕತ್ತೆಗಳನ್ನೇ ನಿಲ್ಲಿಸಿ ಗೋದಲಿ ಮಾಡಿಸಿದರು. ಬೊಂಬೆಗಳು ಬಂದದ್ದು ಆಮೇಲೆ. ಬಡಗಿ ಜೋಸೆಫ್, ತಾಯಿ ಮರಿಯ, ಹುಲ್ಲಿನ ಮೇಲೆ ಕೂಸು, ರಾತ್ರಿಯೆಲ್ಲ ಮಂದೆ ಕಾಯುತ್ತಿದ್ದ ಕುರುಬರು: ಇಷ್ಟು ಜನ ಅಲ್ಲಿರಬೇಕು. ನಮ್ಮ ಒಬ್ಬ ಹುಡುಗ ಕುರುಬರ ಪಕ್ಕದಲ್ಲಿ ಇನ್ನೊಂದು ಬೊಂಬೆ ಇಟ್ಟಿದ್ದಾನೆ. ಅದರ ಕೈಯಲ್ಲಿ ಕೋಲಿಲ್ಲ. ಭಟ್ಟಿಯೊಳಗೆ ತಟ್ಟೆ ನೂಕುವ ಉದ್ದ ಹಿಡಿಯ ಹಲಗೆ ಇದೆ. "ಇದು ಯಾರಪ್ಪ?" ಎಂದು ಕೇಳಿದೆವು. "ನಮ್ಮಪ್ಪ. ಅವರೂ ರಾತ್ರಿಯೆಲ್ಲ ಎದ್ದಿರುತ್ತಾರೆ" ಎಂದ.

ಬಂಧುಗಳೇ, ನಾವು ಬೊಂಬೆಯನ್ನು ತೆಗೆಯಲಿಲ್ಲ. ಆದರೆ ಆ ಮಾತು ನಮ್ಮನ್ನು ಚುಚ್ಚಿತು. ಡಿಸೆಂಬರಿನಲ್ಲಿ ಬೇಕರಿಯ ಕೆಲಸಗಾರನಿಗೆ ಹಗಲು ರಾತ್ರಿಗಳ ಭೇದವಿಲ್ಲ. ಊರಿಗೆಲ್ಲ ಕೇಕು ಬೇಯಿಸಿದವನು ತನ್ನ ಮಕ್ಕಳ ಪಾಲಿಗೆ ನಿದ್ದೆಗಣ್ಣಿನ ಅಪ್ಪ. ಹೋಟೆಲಿನವರ ಗತಿಯೂ ಅದೇ: ಜನರ ರಜೆಯ ದಿನವೇ ನಮಗೆ ಹೆಚ್ಚಿನ ದುಡಿಮೆ.

ಇಲ್ಲಿಂದ ಸುಮಾರು ನೂರು ಕಿಲೋಮೀಟರಿನಾಚೆ ಮೆದಕಿನ ದೊಡ್ಡ ಇಗರ್ಜಿ ಇದೆ. 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಗೋಪುರದ ಎತ್ತರ 175 ಅಡಿ. ಬರಗಾಲದಲ್ಲಿ ಹಸಿದ ಜನರಿಗೆ ಕೂಳು ಸಿಗಲೆಂದು ಪಾದ್ರಿ ಚಾರ್ಲ್ಸ್ ಪೋಸ್ನೆಟ್ಟರು ಅದರ ಕಟ್ಟಡದ ಕೆಲಸ ಕೊಟ್ಟರು. ಹಬ್ಬದ ದಿನ ಅಲ್ಲಿ ಸೇರುವ ಸಾವಿರಾರು ಜನ ನಿಲ್ಲುವುದು ಕೂಲಿಗಳು ಹೊತ್ತು ತಂದ ಕಲ್ಲಿನ ನೆರಳಿನಲ್ಲಿ. ಯಾವ ಹಬ್ಬವೂ ಹೀಗೆಯೇ ದುಡಿಯುವ ಕೈಗಳ ಮೇಲೆ ನಿಂತಿದೆ. ಆ ಕೈಗಳಿಗೂ ಹಬ್ಬದಲ್ಲಿ ಪಾಲು ಬೇಕು.

ಪಾಲು ಬೇಡಿಕೊಳ್ಳುವುದಲ್ಲ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಹೆಚ್ಚಿನ ದುಡಿಮೆಗೆ ದುಪ್ಪಟ್ಟು ದರ ಕಟ್ಟಿತು. 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಅಂಗಡಿ, ಹೋಟೆಲುಗಳ ಕೆಲಸಗಾರರಿಗೂ ಅದನ್ನೇ ಹೇಳಿತು. ಹಬ್ಬದ ವಾರ ಎಷ್ಟು ಗಂಟೆ ದುಡಿದಿರೆಂದು ದಿನದಿನವೂ ಚೀಟಿಯಲ್ಲಿ ಬರೆದಿಡಿ. ಬರೆಯಲು ಬಾರದವರು ಸಂಘಕ್ಕೆ ಬನ್ನಿ, ನಾವು ಬರೆದುಕೊಡುತ್ತೇವೆ. ಚೀಟಿಯಿಲ್ಲದ ಗಂಟೆಗೆ ಸಾಕ್ಷಿಯಿಲ್ಲ.

ಇನ್ನೊಂದು ನಮ್ಮ ಕೈಯಲ್ಲೇ ಇದೆ. ದಸರೆಗೆ, ದೀಪಾವಳಿಗೆ ಕ್ರೈಸ್ತ ಸೋದರರು ನಮ್ಮಲ್ಲಿ ಹಲವರ ಪಾಳಿ ನೋಡಿಕೊಂಡರು. ಈಗ 24ರ ರಾತ್ರಿ, 25ರ ಹಗಲು ಅವರ ಪಾಳಿಗೆ ನಾವು ನಿಲ್ಲೋಣ. ಭಟ್ಟಿಯ ಕೆಲಸ ಎಲ್ಲರಿಗೂ ಬಾರದು, ನಿಜ. ಆದರೆ ಡಬ್ಬಿ ಕಟ್ಟುವುದು, ತಟ್ಟೆ ತೊಳೆಯುವುದು ಯಾರಿಗೆ ಬಾರದು? ನಾಲ್ಕು ಜನ ಕೈ ಹಾಕಿದರೆ ಭಟ್ಟಿಯವನು ಎರಡು ಗಂಟೆ ಮೊದಲು ಮನೆ ಸೇರುತ್ತಾನೆ. ಮಾಲೀಕರ ಒಪ್ಪಿಗೆ ಕೇಳುವ ಕೆಲಸ ಸಂಘದ್ದು.

ಬಾಗಿಲ ಬಳಿಯ ಹಲಗೆಯ ಮೇಲೆ ಪಾಳಿಯ ಪಟ್ಟಿ ಅಂಟಿಸಿದ್ದೇವೆ, ಅದೇ ಹುಣಿಸೆ ಬೀಜದ ಅಂಟಿನಿಂದ. ಕೆಲವು ಹೆಸರು ಬಂದಿವೆ, ಇನ್ನೂ ಜಾಗವಿದೆ. ಮನೆಗೆ ಹೋಗುವ ಮುನ್ನ ಒಂದು ತುಂಡು ಕೇಕು ತಿಂದು, ನಿಮ್ಮ ಹೆಸರು ಬರೆದು ಹೋಗಿ.