ಮಂಚದ ಕೆಳಗಿನ ಮಂಚ

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಕಥೆಯೊಂದು ನಮ್ಮಲ್ಲಿ ಅನೇಕರಿಗೆ ಪರಿಚಿತ. ಮನುಷ್ಯನಿಗೆ ಎಷ್ಟು ನೆಲ ಬೇಕು ಎಂಬ ಪ್ರಶ್ನೆಗೆ ಆ ಕಥೆ ಕೊಡುವ ಉತ್ತರ, ತಲೆಯಿಂದ ಹಿಮ್ಮಡಿಯವರೆಗೆ ಆರು ಅಡಿ. ಅದು ಸತ್ತವನ ಲೆಕ್ಕ. ಬದುಕಿರುವವರ ಲೆಕ್ಕ, ಅದರಲ್ಲಿಯೂ ಮಕ್ಕಳ ಲೆಕ್ಕ, ಬೇರೆ. ಎಳೆಯ ಮಗುವೊಂದು ಮಲಗುವುದಕ್ಕೆ ಮೂರು ನಾಲ್ಕು ಅಡಿ ಸಾಕು. ಆದರೆ ಒಂದೇ ಕೋಣೆಯ ಮನೆಯಲ್ಲಿ ಅಡಿಗೆಗೆ, ಊಟಕ್ಕೆ, ಹೊಲಿಗೆಗೆ, ಸೌದೆ ಒಟ್ಟುವುದಕ್ಕೆ ಸ್ಥಳ ಬಿಟ್ಟ ಮೇಲೆ ಆ ನಾಲ್ಕು ಅಡಿಯನ್ನು ತರುವುದೆಲ್ಲಿಂದ? ಅದೂ ನಾಲ್ಕಾರು ಮಕ್ಕಳಿಗೆ? ಶೀತದೇಶಗಳ ಮರದ ಪುಟ್ಟ ಮನೆಗಳಲ್ಲಿ ಬಾಳಿದವರು ಈ ಪ್ರಶ್ನೆಗೆ ಕಂಡುಕೊಂಡ ಕೆಲವು ಉತ್ತರಗಳನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮಗೆ ಈ ತೊಡಕಿನ ಸ್ವರೂಪ ಒಮ್ಮೆಗೇ ಹೊಳೆಯುವುದಿಲ್ಲ. ನಾನು ಬೆಳೆದ ಮನೆಯಲ್ಲಿ ರಾತ್ರಿಯಾದರೆ ನಡುಮನೆಗೆ ಉದ್ದಕ್ಕೂ ಜಮಖಾನ ಹಾಸುತ್ತಿದ್ದರು. ಅಣ್ಣ ತಮ್ಮಂದಿರು, ಚಿಕ್ಕಪ್ಪನ ಮಕ್ಕಳು, ರಜಕ್ಕೆ ಬಂದ ಸೋದರತ್ತೆಯ ಮಕ್ಕಳು ಎಲ್ಲರೂ ಸಾಲಾಗಿ ಮಲಗಿದರಾಯಿತು. ಒಬ್ಬ ಹೆಚ್ಚಾದರೆ ಉಳಿದವರು ತುಸು ಒತ್ತಿಕೊಳ್ಳುತ್ತಿದ್ದರು. ಬೆಳಗಾಗುತ್ತಲೇ ಹಾಸಿಗೆಗಳೆಲ್ಲ ಸುರುಳಿಯಾಗಿ ಮೂಲೆ ಸೇರಿ, ಅದೇ ನೆಲದ ಮೇಲೆ ಊಟದ ಎಲೆ ಬೀಳುತ್ತಿತ್ತು. ಆದರೆ ಈ ಸೌಕರ್ಯ ನಮ್ಮ ಜಾಣತನದ ಫಲವಲ್ಲ. ಬೆಚ್ಚನೆಯ ನೆಲದ ಕೃಪೆ. ಹಿಮ ಬೀಳುವ ನಾಡಿನಲ್ಲಿ ಮನೆಯೊಳಗಿನ ಅತಿ ತಣ್ಣನೆಯ ಜಾಗವೆಂದರೆ ನೆಲವೇ. ತಂಪು ಗಾಳಿ ಕೆಳಗೆ ಇಳಿದು ನಿಲ್ಲುತ್ತದೆ, ಹಲಗೆಗಳ ಸಂದಿನಿಂದ ಇನ್ನಷ್ಟು ನುಗ್ಗುತ್ತದೆ. ಆದ್ದರಿಂದ ಹಾಸಿಗೆಗೆ ಕಾಲು ಬೇಕು. ಕಾಲು ಬಂದ ಮಂಚ ಬೆಳಗಾದರೂ ಎದ್ದು ಹೋಗದೆ ಅಲ್ಲಿಯೇ ನಿಂತಿರುತ್ತದೆ.

ಹಾಗೆ ನಿಂತ ಮಂಚದ ಕೆಳಗೆ ಒಂದು ಪೊಳ್ಳು ಜಾಗ ಉಂಟಷ್ಟೆ. ಮೊದಲ ಉತ್ತರ ಅಲ್ಲಿ ದೊರೆಯಿತು. ಗಿಡ್ಡ ಕಾಲುಗಳಿಗೆ ಸಣ್ಣ ಗಾಲಿಗಳನ್ನು ತೊಡಿಸಿದ ಇನ್ನೊಂದು ಮಂಚ. ಹಗಲೆಲ್ಲ ದೊಡ್ಡ ಮಂಚದ ಹೊಟ್ಟೆಯೊಳಗೆ ಅಡಗಿದ್ದು, ರಾತ್ರಿ ಎಳೆದಾಗ ಹೊರಗೆ ಬರುವುದು. ಇದನ್ನು ಗಾಲಿಮಂಚ ಎಂದು ಕರೆಯೋಣ. ಇದು ಹಳೆಯ ವಸ್ತು. ಷೇಕ್ಸ್‌ಪಿಯರನ ‘ವಿಂಡ್ಸರಿನ ವಿನೋದಿನಿಯರು’ ನಾಟಕದಲ್ಲಿ ಫಾಲ್‌ಸ್ಟಾಫ್ ಇಳಿದುಕೊಂಡ ಕೋಣೆಯ ವರ್ಣನೆಯಲ್ಲಿಯೂ ದೊಡ್ಡ ಮಂಚದ ಜೊತೆಗೆ ಇದರ ಉಲ್ಲೇಖ ಬರುತ್ತದೆ. ಆ ಕಾಲದಲ್ಲಿ ಯಜಮಾನ ಮೇಲೆ, ಸೇವಕ ಕೆಳಗೆ ಮಲಗುವುದು ರೂಢಿ. ಅಮೆರಿಕದ ಕಾಡುಗಳಲ್ಲಿ ಮರದ ದಿಮ್ಮಿಯ ಮನೆ ಕಟ್ಟಿಕೊಂಡವರು ಸೇವಕನ ಈ ಮಂಚವನ್ನು ಮಕ್ಕಳಿಗೆ ಕೊಟ್ಟರು.

ಲಾರಾ ಇಂಗಲ್ಸ್ ವೈಲ್ಡರ್ ಎಂಬ ಲೇಖಕಿ 1867ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಪೆಪಿನ್ ಎಂಬ ಊರಿನ ಬಳಿ ಅಂಥದೊಂದು ಮನೆಯಲ್ಲಿ ಹುಟ್ಟಿದವರು. ತಮ್ಮ ಎಳವೆಯನ್ನು ಕುರಿತು ಅವರು 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲಾರಾ ಮತ್ತು ಅವಳ ಅಕ್ಕ ಮೇರಿ ಮಲಗುವುದು ಗಾಲಿಮಂಚದಲ್ಲಿಯೇ. ಹೊರಗೆ ತೋಳದ ಕೂಗು. ಒಳಗೆ ಒಲೆಯ ಬೆಳಕು, ತಂದೆಯ ಪಿಟೀಲು, ತಾಯಿಯ ಹೆಣಿಗೆ. ಪುಸ್ತಕದ ಕಡೆಯ ಪುಟದಲ್ಲಿಯೂ ಆ ಹುಡುಗಿ ಮಲಗಿದಲ್ಲಿಂದಲೇ ಇವನ್ನೆಲ್ಲ ನೋಡುತ್ತ, ಕೇಳುತ್ತ ಇರುತ್ತಾಳೆ. ಬೇರೆ ಕೋಣೆಯೊಂದು ಇದ್ದಿದ್ದರೆ ಆ ಪುಸ್ತಕದ ಅರ್ಧಭಾಗ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲವೆಂದು ನನಗೆ ತೋರುತ್ತದೆ. ಗಾಲಿಮಂಚ ಉಳಿಸಿಕೊಟ್ಟದ್ದು ಬರಿಯ ಜಾಗವನ್ನಲ್ಲ. ನಡುರಾತ್ರಿ ಮಗು ಕೆಮ್ಮಿದರೆ ತಾಯಿ ಎದ್ದು ದೀಪ ಹುಡುಕಬೇಕಾಗಿಲ್ಲ. ಕೈಯೊಂದನ್ನು ಕೆಳಗೆ ಇಳಿಬಿಟ್ಟರೆ ಹಣೆ ಸಿಕ್ಕುತ್ತದೆ.

ಹಾಲೆಂಡಿನವರ ಉತ್ತರ ಮತ್ತೊಂದು ಬಗೆಯದು. ಅವರು ಮಂಚವನ್ನು ಗೋಡೆಯೊಳಕ್ಕೆ ತಳ್ಳಿದರು. ಬೀರುವಿನಂತೆ ಬಾಗಿಲುಳ್ಳ ಗೂಡು, ಅದರೊಳಗೆ ಹಾಸಿಗೆ. ಬಾಗಿಲು ಮುಚ್ಚಿಕೊಂಡರೆ ಮಲಗಿದವರ ಮೈಯ ಕಾವೇ ಅವರನ್ನು ಕಾಯುವುದು. ಗೂಡಿನ ಕೆಳಗೆ ಎಳೆಯುವ ಪೆಟ್ಟಿಗೆ, ಅದು ದೊಡ್ಡ ಮಕ್ಕಳಿಗೆ. ತಂದೆತಾಯಿಯರ ಕಾಲ ಬಳಿ ಒಂದು ಹಲಗೆ, ಅದು ಕೂಸಿಗೆ. 1697ರಲ್ಲಿ ಹಡಗು ಕಟ್ಟುವ ವಿದ್ಯೆಯನ್ನು ಕಲಿಯಲು ಝಾಂಡಮ್ ಊರಿಗೆ ಬಂದ ರಷ್ಯದ ಚಕ್ರವರ್ತಿ ಪೀಟರ್ ಇಂಥ ಗೂಡಿರುವ ಮರದ ಮನೆಯಲ್ಲಿ ತಂಗಿದ್ದ. ಆರೂವರೆ ಅಡಿಗೂ ಮೀರಿದ ಆ ಮಹಾಕಾಯ ಅದರಲ್ಲಿ ಹೇಗೆ ಮುದುಡಿದನೋ! ಆ ಮನೆ ಇಂದಿಗೂ ಇದೆ.

ಈ ಗೂಡುಗಳ ಬಡಗಿ ಕೆಲಸಕ್ಕೆ ತಲೆದೂಗಬೇಕು, ನಿಜ. ಆದರೆ ಗಾಲಿಮಂಚವನ್ನು ಮೆಚ್ಚಿದಷ್ಟು ನಾನು ಇದನ್ನು ಮೆಚ್ಚಲಾರೆ. ಬಾಗಿಲು ಮುಚ್ಚಿದ ಗೂಡಿನಲ್ಲಿ ಮೂರು ನಾಲ್ಕು ಜನರ ಉಸಿರು. ಒಬ್ಬರ ಕೆಮ್ಮು ಎಲ್ಲರ ಕೆಮ್ಮು. ಕ್ಷಯರೋಗ ಮನೆಮನೆಯಲ್ಲಿ ಇದ್ದ ಕಾಲದಲ್ಲಿ ಕೂಸನ್ನು ಅಲ್ಲಿ ಮಲಗಿಸುವುದೆಂದರೆ ಏನರ್ಥವೆಂದು ಊಹಿಸಬಹುದು. 1901ರಲ್ಲಿ ಆ ದೇಶದಲ್ಲಿ ವಸತಿಯ ಕಾಯಿದೆ ಬಂದ ಮೇಲೆ ಗೋಡೆಯ ಗೂಡುಗಳು ಹೊಸ ಮನೆಗಳಿಂದ ಕ್ರಮೇಣ ಮರೆಯಾದವು. ಮರೆಯಾದದ್ದು ಒಳ್ಳೆಯದೇ ಆಯಿತು.

ಕೆಳಗೂ ಇಲ್ಲ, ಗೋಡೆಯಲ್ಲಿಯೂ ಇಲ್ಲವೆಂದರೆ ಉಳಿಯುವುದು ಮೇಲೆ. ಅಬ್ರಹಾಂ ಲಿಂಕನ್ನರ ತಂದೆ 1816ರಲ್ಲಿ ಇಂಡಿಯಾನಾ ಪ್ರಾಂತಕ್ಕೆ ವಲಸೆ ಬಂದು ಒಂದೇ ಕೋಣೆಯ ಮನೆ ಕಟ್ಟಿದ. ಮೊದಲ ಹೆಂಡತಿ ತೀರಿಕೊಂಡು, 1819ರಲ್ಲಿ ಅವನು ಮೂರು ಮಕ್ಕಳ ವಿಧವೆಯನ್ನು ಮದುವೆಯಾದ ಮೇಲೆ ಅಲ್ಲಿ ಒಟ್ಟು ಎಂಟು ಜನ. ಗಂಡುಹುಡುಗರ ಪಾಲಿಗೆ ಬಂದದ್ದು ಅಟ್ಟ. ಏಣಿಯಿಟ್ಟರೆ ಅದಕ್ಕೂ ಜಾಗ ಬೇಕಲ್ಲ. ಗೋಡೆಗೆ ಗೂಟಗಳನ್ನು ಬಡಿದು, ಅವುಗಳ ಮೇಲೆ ಕಾಲಿಟ್ಟು ಹತ್ತುತ್ತಿದ್ದರು. ಬಿಸಿಗಾಳಿ ಮೇಲಕ್ಕೆ ಏರುವುದರಿಂದ ಅಟ್ಟ ತುಸು ಬೆಚ್ಚಗಿರುತ್ತದೆ. (ಲಿಂಕನ್ನರು ಹುಟ್ಟಿದ ಕೆಂಟಕಿಯಲ್ಲಿ 1911ರ ಹೊತ್ತಿಗೆ ಭವ್ಯ ಶಿಲಾಮಂದಿರವೊಂದನ್ನು ಕಟ್ಟಿ, ಅವರ ಜನ್ಮಗೃಹವೆಂದು ನಂಬಿದ್ದ ದಿಮ್ಮಿಯ ಮನೆಯನ್ನು ಒಳಗಿರಿಸಿದರು. ನೋಡುವವರು ಸುತ್ತ ಓಡಾಡಲು ಎಡೆ ಸಾಲದೆ ಆ ಪುಟ್ಟ ಮನೆಯನ್ನೇ ಕತ್ತರಿಸಿ ಇನ್ನಷ್ಟು ಪುಟ್ಟದು ಮಾಡಿದರು. ಅದರ ಮರ ಲಿಂಕನ್ನರಿಗಿಂತ ಕಿರಿಯದೆಂದು ಆಮೇಲೆ ತಿಳಿದುಬಂತು.)

ಮೇಲಿನ ಹಾಸಿಗೆ ಮಕ್ಕಳಿಗೆ ಬಲು ಇಷ್ಟ. ದೊಡ್ಡವರ ತಲೆಯ ಮೇಲಿನ ಆ ಜಾಗ ಅವರ ಪಾಲಿಗೆ ಒಂದು ಸಣ್ಣ ರಾಜ್ಯ. ಇಂದಿನ ಅಂತಸ್ತಿನ ಮಂಚಗಳು ಈ ಅಟ್ಟದ ಸಂತತಿಯೇ. ನಮ್ಮ ನಗರಗಳ ಸಣ್ಣ ಮನೆಗಳಲ್ಲಿಯೂ ಈಗ ಇವನ್ನು ಕಾಣಬಹುದು. ಕೊಳ್ಳುವವರು ಬಣ್ಣ ನೋಡುತ್ತಾರೆ, ಕೆಳಗಿನ ಸೆಳೆಪೆಟ್ಟಿಗೆ ನೋಡುತ್ತಾರೆ. ನೋಡಬೇಕಾದ್ದು ಮೇಲಿನ ಹಾಸಿಗೆಯ ಪಕ್ಕದ ಅಡ್ಡಪಟ್ಟಿಯನ್ನು. ಅಮೆರಿಕದಲ್ಲಿ 2000ದಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಆ ಪಟ್ಟಿ ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಅಂಗುಲ ಎತ್ತರವಿರಬೇಕು. ಅದರ ಕೆಳಗಿನ ಸಂದು 3.5 ಅಂಗುಲ ಮೀರಬಾರದು. ಇಷ್ಟು ಸಣ್ಣ ಅಳತೆಗೆ ಕಾರಣವುಂಟು. ನಿದ್ದೆಯಲ್ಲಿ ಹೊರಳಿದ ಮಗುವಿನ ಮೈ ಅಗಲವಾದ ಸಂದಿನಲ್ಲಿ ಜಾರಿಬಿಡುತ್ತದೆ, ತಲೆ ಜಾರುವುದಿಲ್ಲ. ಹಾಗೆ ಸಿಕ್ಕಿಕೊಂಡು ಜೀವ ಬಿಟ್ಟ ಮಕ್ಕಳಿಂದಾಗಿಯೇ ಆ ಅಂಗುಲಗಳನ್ನು ಅಳೆದದ್ದು. ಆರು ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸಬಾರದೆಂಬ ಎಚ್ಚರಿಕೆಯನ್ನು ಮಂಚಕ್ಕೇ ಅಂಟಿಸಿರಬೇಕೆಂದೂ ಆ ನಿಯಮ ವಿಧಿಸುತ್ತದೆ. ಎಷ್ಟೇ ಹಟ ಮಾಡಲಿ, ಕಿರಿಯದು ಕೆಳಗೇ ಮಲಗಲಿ.

ನಮ್ಮಲ್ಲಿ ಎಲ್ಲರೂ ಬಲ್ಲ ಕಿರಿದಾದ ಮಲಗುವ ಕೋಣೆಯೆಂದರೆ ರೈಲುಗಾಡಿಯದು. ಅಲ್ಲಿ ಕೂಸುಳ್ಳ ತಾಯಿಗೆ ರಾತ್ರಿಯೆಲ್ಲ ಜಾಗರಣೆ. ಮಗುವನ್ನು ಗೋಡೆಯ ಕಡೆಗೆ ಹಾಕಿಕೊಂಡು, ತಾನು ಅಂಚಿನಲ್ಲಿ ಅರ್ಧ ಮೈ ಊರಿ ಮಲಗಬೇಕು. ಹಳೆಯ ಸೀರೆಯನ್ನು ಎರಡು ಬರ್ತುಗಳ ನಡುವೆ ಜೋಳಿಗೆಯಾಗಿ ಕಟ್ಟಿ ತೂಗುವವರೂ ಉಂಟು. 2022ರ ಮೇ ತಿಂಗಳಲ್ಲಿ ಲಖನೌ ಮೇಲ್ ಗಾಡಿಯ ಒಂದು ಬೋಗಿಯಲ್ಲಿ, ಪರೀಕ್ಷಾರ್ಥವಾಗಿ, ಕೆಳಗಿನ ಬರ್ತಿನ ಮಗ್ಗುಲಿಗೆ ಕೂಸಿನ ಪುಟ್ಟ ಹಾಸಿಗೆಯೊಂದನ್ನು ಜೋಡಿಸಿದರು. ಮಗು ಬೀಳದಂತೆ ಅದಕ್ಕೊಂದು ತಡೆ, ಕಟ್ಟಲು ಪಟ್ಟಿ. ಬೆಳಗ್ಗೆ ತಾಯಿ ಮಗುವನ್ನು ಎತ್ತಿಕೊಂಡ ಮೇಲೆ ಅದನ್ನು ಮಡಿಚಿದರೆ, ದೊಡ್ಡ ಬರ್ತಿನ ಅಡಿಗೆ ಸೇರಿಕೊಳ್ಳುತ್ತದೆ.